ಕಟ್ಟಿಗೆ ತೂಗಲು ಬಂದವರು

ನಿಲ್ಕುಂದದ ನಮ್ಮ ಮನೆಯ ಅಡಿಗೆಮನೆಯ ತೊಲೆ ಯಾವ ಮರದ್ದೆಂದು ನನಗೆ ಹದಿನೇಳು ವರ್ಷವಾಗುವವರೆಗೂ ಗೊತ್ತಿರಲಿಲ್ಲ. ಅದು ಕಪ್ಪಗಿತ್ತು, ಅಷ್ಟೆ. ಜಂತಿಗಳೂ ಕಪ್ಪು, ಹಂಚಿನ ಒಳಮೈಯೂ ಕಪ್ಪು, ಮೂಲೆಯಲ್ಲಿ ಜೋತಾಡುವ ಜೇಡನ ಬಲೆಗೂ ಮಸಿಯ ಭಾರ. 1986ರಲ್ಲಿ ಗೋಬರ್ ಗ್ಯಾಸಿನ ಒಲೆ ಬಂದು ಎರಡು ತಿಂಗಳಾದ ಮೇಲೆ ಅಪ್ಪ ಏಣಿ ಹಾಕಿ, ಕತ್ತಿಯ ಬೆನ್ನಿನಿಂದ ತೊಲೆಯನ್ನು ಕೆರೆದರು. ಮಸಿಯ ಹೆಪ್ಪಳಿಕೆಗಳು ಉದುರಿ ಒಳಗಿನಿಂದ ಹಳದಿ ಬಣ್ಣದ ಹಲಸಿನ ಮರ ಕಾಣಿಸಿತು. ಅಮ್ಮ ಕೆಳಗೆ ನಿಂತು ನೋಡಿದಳು. ಮದುವೆಯಾಗಿ ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅವಳೂ ಅದನ್ನು ಮೊದಲ ಸಲ ನೋಡುತ್ತಿದ್ದಳು.

ನಿಲ್ಕುಂದ ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಊರು. ಮಳೆಗಾಲ ಶುರುವಾದರೆ ನಾಲ್ಕು ತಿಂಗಳು ಬಟ್ಟೆ ಒಣಗದು, ಕಟ್ಟಿಗೆಯೂ ಒಣಗದು. ಹಸಿ ಕಟ್ಟಿಗೆಗೆ ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ಹೆಂಗಸರ ಮುಖಗಳೇ ನನ್ನ ಬಾಲ್ಯದ ಮಳೆಗಾಲದ ಚಿತ್ರ. ನಾನು ಇತಿಹಾಸ ಕಲಿಸುವವಳು. ಮೈಸೂರಿನ ಯುದ್ಧಗಳನ್ನು ಇಸವಿ ಸಮೇತ ಹೇಳಬಲ್ಲೆ. ಆದರೆ ನಮ್ಮ ಮನೆಯ ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಯಿತು, ಅದಕ್ಕೆ ಅಷ್ಟು ವರ್ಷ ಏಕೆ ಬೇಕಾಯಿತು ಎನ್ನುವುದು ಇತಿಹಾಸವೆಂದು ನನಗೆ ಹೊಳೆದದ್ದು ತಡವಾಗಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳಿಗೆ ಸಹಾಯ ಮಾಡಲು ಕುಳಿತಾಗ ಒಂದೊಂದೇ ಎಳೆ ಸಿಕ್ಕಿತು.

ಮೊದಲು ಒಂದು ನೆನಪು ಹೇಳಿಬಿಡುತ್ತೇನೆ. ಗ್ಯಾಸು ಬರುವುದಕ್ಕೆ ಎರಡು ವರ್ಷ ಹಿಂದೆ ಇಬ್ಬರು ತರುಣರು ನಮ್ಮ ಕೇರಿಗೆ ಬಂದಿದ್ದರು. ಒಬ್ಬನ ಕೈಯಲ್ಲಿ ತೂಕದ ಕೊಕ್ಕೆ, ಇನ್ನೊಬ್ಬನ ಕೈಯಲ್ಲಿ ರಟ್ಟು ಹಾಕಿದ ಪುಸ್ತಕ. ಮುಂಜಾನೆ ಒಂದು ಹೊರೆ ಕಟ್ಟಿಗೆ ತೂಗಿ ಅಡಿಗೆಮನೆಯ ಬಾಗಿಲಲ್ಲಿ ಇಟ್ಟು, “ಅಮ್ಮಾ, ಇವತ್ತು ಇದರಲ್ಲೇ ಉರಿಸಿ, ನಾಳೆ ಬಂದು ಉಳಿದದ್ದನ್ನು ತೂಗುತ್ತೇವೆ” ಎಂದರು. ಮನೆಯಲ್ಲಿ ಎಷ್ಟು ಜನ, ಎಷ್ಟು ದನ, ಕಟ್ಟಿಗೆ ಎಲ್ಲಿಂದ ತರುತ್ತೀರಿ, ತರುವವರು ಯಾರು ಎಂದೆಲ್ಲ ಕೇಳಿ ಬರೆದುಕೊಂಡರು. ಅವರು ದಣಪೆ ದಾಟುವವರೆಗೆ ಗಂಭೀರವಾಗಿದ್ದ ಅಮ್ಮ ಆಮೇಲೆ ನಕ್ಕಳು. “ಕಟ್ಟಿಗೆ ತೂಗಲೆ ಬೆಂಗ್ಳೂರಲ್ಲಿ ಓದಿಕ್ಯಂಡು ಬರವನೇ?” ಎಂದು ಅತ್ತೆಯ ಹತ್ತಿರ ಕೇಳಿದಳು. ಆದರೆ ಆ ದಿನ ಅವಳು ಎಂದಿಗಿಂತ ಎಚ್ಚರದಿಂದ ಬೆಂಕಿ ಮಾಡಿದಳು. ಅಟ್ಟದ ಮೇಲಿದ್ದ ಚೆನ್ನಾಗಿ ಒಣಗಿದ ಕಟ್ಟಿಗೆಯನ್ನು ಕದ್ದು ತೆಗೆದು ಹೊರೆಯೊಳಗೆ ಸೇರಿಸಿದ್ದನ್ನೂ ನಾನು ನೋಡಿದ್ದೇನೆ. ಹೊರಗಿನವರ ಎದುರು ದುಂದುಗಾರ್ತಿ ಅನ್ನಿಸಿಕೊಳ್ಳಬಾರದಲ್ಲ! ಎಷ್ಟೋ ವರದಿಗಳ ಅಂಕಿಗಳೊಳಗೆ ಹೀಗೆ ಅಮ್ಮಂದಿರ ಸಂಕೋಚವೂ ಸೇರಿಕೊಂಡಿರಬೇಕು.

ಅಮ್ಮನ ಪ್ರಶ್ನೆ ತಮಾಷೆಯದಾದರೂ ಅದರ ಹಿಂದೆ ಎಂಬತ್ತು ವರ್ಷದ ಕಥೆಯಿದೆ.

ನಮ್ಮ ಕರ್ನಾಟಕದಲ್ಲಿ ವಿದ್ಯುತ್ತು ಮೊದಲು ಹೋದದ್ದು ಮನೆಗಲ್ಲ, ಗಣಿಗೆ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು ಅದು. ಅದನ್ನು ನೋಡಲು ಅವರು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ತಲುಪಿತು. ಅಲ್ಲಿ ಜಾನ್ ಟೇಲರ್ ಕಂಪನಿಯವರಿಗೆ ಆಳದಿಂದ ಅದಿರು ಎತ್ತಲು, ನೀರು ಹೊರಹಾಕಲು, ಗಾಳಿ ಒತ್ತಲು ಶಕ್ತಿ ಬೇಕಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಮನೆಗಳ ಸರದಿ ಆಮೇಲಿನದು. ಒಲೆಯ ಸರದಿ ಪಟ್ಟಿಯಲ್ಲೇ ಇರಲಿಲ್ಲ.

ಕಲಿಕೆಯೂ ಅದೇ ದಾರಿ ಹಿಡಿಯಿತು. ಜಮಶೇಟ್‌ಜಿ ಟಾಟಾ ಅವರ ದಾನ, ಮೈಸೂರು ಸಂಸ್ಥಾನ ಕೊಟ್ಟ ಜಾಗ ಸೇರಿ 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಹಳಬರು ಇಂದಿಗೂ ಅದನ್ನು ಟಾಟಾ ಇನ್ಸ್‌ಟಿಟ್ಯೂಟ್ ಎನ್ನುತ್ತಾರೆ. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದಾಗ ಅಲ್ಲಿದ್ದ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ಮುಂದೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಊರ್ಗಾಂವಿನಲ್ಲಿ, 1957ರಲ್ಲಿ ಗಣಿ ವಿದ್ಯೆಯ ಶಾಲೆ ಬಂತು. 1960ರಲ್ಲಿ ಹುಟ್ಟಿದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲೂ ಮುಂದೆ ಗಣಿ ಎಂಜಿನಿಯರಿಂಗ್ ಕಲಿಸತೊಡಗಿದರು. ಅದಿರು ಎತ್ತುವುದು, ನೀರು ಇಳಿಸುವುದು, ತಂತಿ ಎಳೆಯುವುದು. ಶಕ್ತಿಯ ವಿದ್ಯೆ ಎಂದರೆ ಇವಿಷ್ಟೇ ಎಂದು ಎಲ್ಲರೂ ತಿಳಿದಿದ್ದರು. ಇವೆಲ್ಲ ಗಂಡಸರ ಕೆಲಸವೆಂಬುದೂ ಹೇಳದೆ ತಿಳಿದ ಮಾತು.

ಹೆಂಗಸರು ಆ ಬಾಗಿಲು ತಟ್ಟಲಿಲ್ಲವೆಂದಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ (ಮುಂದೆ ಕಮಲಾ ಸೊಹೋನಿ) ಮುಂಬಯಿಯಿಂದ ಬಂದು ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ ಓದಲು ಹಟ ಹಿಡಿದರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಒಂದು ವರ್ಷ ಪರೀಕ್ಷಾರ್ಥ ಎಂದು ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಗೆದ್ದರು, ಹುಡುಗಿಯರಿಗೆ ಆ ಬಾಗಿಲು ತೆರೆಯಿತು. ಹತ್ತು ವರ್ಷದ ಮೇಲೆ, 1943ರ ಹೊತ್ತಿಗೆ, ನಮ್ಮ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿಯವರು ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಬಂದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕಿಯಾದರು. ಅವರ ವಿಷಯ ಮೈಕ್ರೋವೇವ್. ಈಗಿನ ಅಡಿಗೆಮನೆಯ ಪೆಟ್ಟಿಗೆಯಲ್ಲ, ಆಂಟೆನಾಗಳ ವಿದ್ಯೆ. ಹೆಂಗಸರು ಬಂದಾಗಲೂ ಒಲೆ ಮಾತ್ರ ಒಳಗೆ ಬಂದಿರಲಿಲ್ಲ. ಬರುವುದು ಯಾಕೆ, ಅದನ್ನು ಬಿಟ್ಟು ಓಡಿಬಂದವರಲ್ಲವೇ ಅವರು ಎಂದು ನನಗೆ ಅನ್ನಿಸುವುದುಂಟು. ನನಗೇ ಕಾಲೇಜು ಎಂದರೆ ಮೊದಲು ಹೊಗೆಯಿಲ್ಲದ ಜಾಗವಾಗಿತ್ತು.

ಇತ್ತ ನಮ್ಮ ಕಡೆ ನೋಡಿ. ಜೋಗ ನಮ್ಮ ಸಿದ್ದಾಪುರದ ಗಡಿಯಲ್ಲೇ ಇದೆ. 1948ರಲ್ಲಿ ಅಲ್ಲಿ ಮಹಾತ್ಮ ಗಾಂಧಿ ಹೆಸರಿನ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ಕಡೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಮುಳುಗಡೆಯ ಊರಿನಿಂದ ಸೊಸೆಯಾಗಿ ಬಂದವರು ನಮ್ಮ ಕಡೆಯೂ ಇದ್ದಾರೆ. ತವರಿಗೆ ಹೋಗುವುದೆಂದರೆ ಹಿನ್ನೀರಿನ ದಡದಲ್ಲಿ ನಿಂತು ನೋಡುವುದು ಎಂದು ನಗುತ್ತಲೇ ಹೇಳುತ್ತಿದ್ದರು. ಅಷ್ಟೆಲ್ಲ ಆದರೂ ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಹೈಸ್ಕೂಲಿಗೆ ಹೋಗುವಾಗ. ಬಂದ ಮೇಲೂ ಜಗುಲಿಗೆ ಒಂದು ಬಲ್ಬು, ನಡುಮನೆಗೆ ಒಂದು ಬಲ್ಬು. ಅಡಿಗೆಮನೆಗೆ ಚಿಮಣಿ ಬುಡ್ಡಿಯೇ ಇತ್ತು. ಹೊಗೆಗೆ ಬಲ್ಬು ಹಾಳಾಗುತ್ತದೆ ಎಂದು ಅಪ್ಪನ ವಾದ.

ಮುಂದಿನ ಅಣೆಕಟ್ಟು ಬೇಡ್ತಿ ನದಿಗೆ ಎಂದು ಎಪ್ಪತ್ತರ ದಶಕದ ಕೊನೆಗೆ ಸುದ್ದಿ ಬಂದಾಗ ಶಿರಸಿ, ಯಲ್ಲಾಪುರದ ತೋಟಿಗರು ಸುಮ್ಮನಿರಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರು, ಎಂಜಿನಿಯರರು, ವಿಜ್ಞಾನಿಗಳು ಎದುರುಬದುರು ಕುಳಿತು ಎಷ್ಟು ಕಾಡು ಹೋಗುತ್ತದೆ, ಎಷ್ಟು ವಿದ್ಯುತ್ತು ಬರುತ್ತದೆ, ಯಾರಿಗೆ ಲಾಭ ಎಂದು ಲೆಕ್ಕ ಹಾಕಿದರು. ಗಾಂಧಿ ಶಾಂತಿ ಪ್ರತಿಷ್ಠಾನ ಅದನ್ನು ಪುಸ್ತಕವಾಗಿಯೂ ತಂದಿತು. ಬೇಡ್ತಿಯ ಆ ಯೋಜನೆ ಕೈಬಿಟ್ಟುಹೋಯಿತು. ಹಳ್ಳಿಯವರು ವಿಜ್ಞಾನಿಗಳ ಲೆಕ್ಕಕ್ಕೆ ತಮ್ಮ ಲೆಕ್ಕ ಎದುರಿಟ್ಟ ಮೊದಲ ಸಂದರ್ಭಗಳಲ್ಲಿ ಅದೊಂದು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿ ಕಡೆಯ ಜನ ಮರಗಳನ್ನು ಅಪ್ಪಿಕೊಂಡ ಕಥೆ ನಿಮಗೆಲ್ಲ ಗೊತ್ತಿದೆ. ಆ ಮರಗಳನ್ನು ಉಳಿಸಿದ ಹೆಂಗಸರು ಮನೆಗೆ ಹೋಗಿ ಉರಿಸಬೇಕಾದದ್ದು ಮತ್ತೆ ಕಟ್ಟಿಗೆಯನ್ನೇ. ಅದರ ಬಗ್ಗೆ ಯಾರಾದರೂ ಯೋಚಿಸಿದ್ದರೇ?

ಯೋಚಿಸಿದ್ದರು. ಅದೂ ಟಾಟಾ ಇನ್ಸ್‌ಟಿಟ್ಯೂಟಿನಲ್ಲೇ.

ಅಮೂಲ್ಯ ರೆಡ್ಡಿಯವರು ಅಲ್ಲಿ ವಿದ್ಯುತ್ ರಸಾಯನ ಶಾಸ್ತ್ರ ಕಲಿಸುತ್ತಿದ್ದರು. ಅವರು ಜೊತೆಗಾರರೊಡನೆ ಬರೆದ ಪಠ್ಯಪುಸ್ತಕ ಪರದೇಶದ ಕಾಲೇಜುಗಳಲ್ಲೂ ಓದಲ್ಪಡುತ್ತಿತ್ತು. ಅಂಥವರು 1974ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಹಳ್ಳಿಗಳಿಗಾಗಿ ವಿಜ್ಞಾನ, ತಂತ್ರಜ್ಞಾನವೆಂಬ ಕೇಂದ್ರ ತೆರೆದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತಿತ್ತು. ಆಗ ಸತೀಶ್ ಧವನ್ ನಿರ್ದೇಶಕರು. ವಿಮಾನದ ರೆಕ್ಕೆ, ಲೋಹದ ಗುಣ ಅಭ್ಯಾಸ ಮಾಡುವ ಆವರಣದಲ್ಲಿ ಸಗಣಿ, ಮಣ್ಣಿನ ಇಟ್ಟಿಗೆ, ಒಲೆ ಸಂಶೋಧನೆಯ ವಸ್ತುಗಳಾದವು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅವರ ಪ್ರಯೋಗದ ಠಾಣೆ ಇತ್ತು.

ಅವರು ಮೊದಲು ಮಾಡಿದ ಕೆಲಸ ನನಗೆ ಬಹಳ ಇಷ್ಟವಾದದ್ದು. ಅವರು ಎಣಿಸಿದರು. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಯಾವ ಶಕ್ತಿ, ಎಷ್ಟು, ಯಾರದು ಎಂದು ಲೆಕ್ಕ ಹಿಡಿದರು. ಸರಕಾರದ ಪುಸ್ತಕಗಳಲ್ಲಿ ಶಕ್ತಿ ಎಂದರೆ ಕಲ್ಲಿದ್ದಲು, ಎಣ್ಣೆ, ವಿದ್ಯುತ್ತು. ಹಳ್ಳಿಯ ಲೆಕ್ಕದಲ್ಲಿ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಬರೀ ಸೌದೆ ಎಂದು ಕಂಡಿತು. ವಿದ್ಯುತ್ತು ನೂರರಲ್ಲಿ ಒಂದು ಪಾಲಿನ ಆಸುಪಾಸು. ಆ ಸೌದೆಗಾಗಿ ಒಂದು ಮನೆಯವರು ದಿನಕ್ಕೆ ಸುಮಾರು 2.6 ಗಂಟೆ, 4.8 ಕಿಲೋಮೀಟರ್ ನಡೆಯುತ್ತಿದ್ದರು. ಇನ್ನೂ ಮುಖ್ಯವಾದದ್ದೊಂದಿದೆ. ಮನುಷ್ಯರು ಮೈಮುರಿದು ದುಡಿಯುವ ಗಂಟೆಗಳನ್ನು ಕೂಡಿಸಿ ಹಂಚಿದಾಗ ಗಂಡಸರದು 31 ಪಾಲು, ಮಕ್ಕಳದು 16 ಪಾಲು, ಹೆಂಗಸರದು 53 ಪಾಲು ಎಂದಾಯಿತು. ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ ಎನ್ನಿಸಿಕೊಂಡವಳ ಪಾಲು ಅರ್ಧಕ್ಕಿಂತ ಹೆಚ್ಚು.

ಈ ಅಂಕಿಗಳನ್ನು ಹಿಡಿದು ಶ್ರೀಲತಾ ಬಾಟ್ಲಿವಾಲಾ ಎಂಬವರು 1982ರಲ್ಲಿ ಒಂದು ಲೇಖನ ಬರೆದರು. ದುಡಿಮೆಗೆ ಖರ್ಚಾಗುವ ಶಕ್ತಿಯನ್ನು ಅನ್ನದ ಶಕ್ತಿಯ ಜೊತೆ ಹೋಲಿಸಿ ನೋಡಿದರು. ಹೆಂಗಸಿನ ಖರ್ಚು ಗಂಡಸಿಗಿಂತ ಕಡಿಮೆಯಿಲ್ಲ, ಆದರೆ ಅವಳ ತಟ್ಟೆಗೆ ಬೀಳುವುದು ಅವನಿಗಿಂತ ಎಷ್ಟೋ ಕಡಿಮೆ. ಒಳ್ಳೆಯ ಒಲೆ ಕೊಟ್ಟರೆ ಕಾಡು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಒಳ್ಳೆಯ ಒಲೆಯಿಂದ ಅವಳ ಮೈಗೆ ನಾಲ್ಕು ತುತ್ತು ಉಳಿಯುತ್ತದೆ ಎಂದು ಆಕೆ ತೋರಿಸಿದರು. ಗಂಡಸರು ಉಂಡೆದ್ದ ಮೇಲೆ ಪಾತ್ರೆ ತಳ ಕೆರೆದು ಬಡಿಸಿಕೊಂಡವರಿಗೆ ಇದು ಹೊಸ ಸುದ್ದಿಯಲ್ಲ. ಆದರೂ ಲೆಕ್ಕದ ಪುಸ್ತಕದಲ್ಲಿ ಅಂಕಿಯಾಗಿ ಬಂದಾಗ ಅದಕ್ಕೊಂದು ತೂಕ ಬರುತ್ತದೆ.

ಅಸ್ತ್ರದವರು ಒಲೆಯನ್ನೂ ಮಾಡಿದರು. ಲೋಕ್ರಸ್, ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರು ಸೇರಿ ಮಾಡಿದ ಮೂರು ಪಾತ್ರೆಯ ಒಲೆ ಎಂಬತ್ತರ ದಶಕದಲ್ಲಿ ‘ಅಸ್ತ್ರ ಒಲೆ’ ಎಂದೇ ಹೆಸರಾಯಿತು. ಹಳೆಯ ಒಲೆಯಲ್ಲಿ ಬೆಂಕಿಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಹೋದರೆ ಹೆಚ್ಚು. ಉಳಿದದ್ದು ಗೋಡೆಗೆ, ಗಾಳಿಗೆ, ನಮ್ಮ ಮುಖಕ್ಕೆ. ಇವರ ಒಲೆಯಲ್ಲಿ ಕೆಳಗೆ ಕಬ್ಬಿಣದ ಜಾಲರಿಯಿಂದ ಗಾಳಿ, ಸುತ್ತ ಮುಚ್ಚಿದ ಗೂಡು, ಪಾತ್ರೆಗಳು ಒಳಗೆ ಇಳಿದು ಕೂರುವ ಬಾಯಿ, ಕೊನೆಗೆ ಹೊಗೆ ಹೋಗಲು ಕೊಳವೆ. ಪ್ರಯೋಗಶಾಲೆಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಪಾತ್ರೆಗೆ ಸೇರಿತಂತೆ. ರಾಜ್ಯದಾದ್ಯಂತ ತರಬೇತಿ ಪಡೆದವರು ಊರೂರಿಗೆ ಹೋಗಿ ಕಟ್ಟಿದರು.

ನಮ್ಮ ಚಿಕ್ಕಮ್ಮನ ಮನೆಗೂ ಒಬ್ಬ ಬಂದು ಕಟ್ಟಿಕೊಟ್ಟ. ಅದು ಒಂದು ಮಳೆಗಾಲ ಬಾಳಿತು. ಅವಳ ದೂರುಗಳನ್ನು ಕೇಳಬೇಕು ನೀವು. ಒಲೆಯ ಬಾಯಿ ಸಣ್ಣದು, ಕಟ್ಟಿಗೆಯನ್ನು ಗೇಣುದ್ದ ಸೀಳಬೇಕು, ಸೀಳುವವರು ಯಾರು? ಹಬ್ಬಕ್ಕೆ ದೊಡ್ಡ ಚರಿಗೆ ಇಡಬೇಕೆಂದರೆ ಕೂರುವುದಿಲ್ಲ. ಕೊಳವೆ ಹಂಚು ದಾಟುವಲ್ಲಿ ಮಳೆ ನೀರು ಸೋರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಟ್ಟಕ್ಕೆ ಹೊಗೆಯಿಲ್ಲ! ಮಲೆನಾಡಿನ ಹೆಂಗಸರಿಗೆ ಹೊಗೆ ಬರೀ ಶತ್ರುವಾಗಿರಲಿಲ್ಲ. ಮಳೆಗಾಲಕ್ಕೆ ಕೂಡಿಟ್ಟ ಹಲಸಿನ ಹಪ್ಪಳ, ಬೀಜದ ಭತ್ತ, ಮುರುಗಲ ಸಿಪ್ಪೆ, ನಾಳೆಯ ಕಟ್ಟಿಗೆ ಎಲ್ಲವೂ ಅಟ್ಟದ ಮೇಲೆ ಹೊಗೆಯಲ್ಲೇ ಬೂಷ್ಟು ಹಿಡಿಯದೆ ಉಳಿಯುತ್ತಿದ್ದವು. ಜಂತಿಗೆ ಹುಳ ಬೀಳುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ದಂಡ ಎಂದು ವಿಜ್ಞಾನಿಗಳು ಬರೆದುಕೊಂಡ ಶಾಖದಲ್ಲಿ ಸ್ವಲ್ಪವಾದರೂ ಹೀಗೆ ದುಡಿಯುತ್ತಿತ್ತು. ತೂಕದ ಕೊಕ್ಕೆಗೆ ಅದು ಸಿಕ್ಕಿರಲಿಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಒಲೆ ಘಟ್ಟಕ್ಕೆ ಬಂದಾಗ ಇಲ್ಲಿನ ಮಳೆಯನ್ನು ಕೇಳಿಕೊಳ್ಳಬೇಕಿತ್ತು. ಇದನ್ನು ಆ ವಿದ್ವಾಂಸರ ಮೇಲಿನ ದೂರೆಂದು ಹೇಳುತ್ತಿಲ್ಲ. ಸ್ವಾತಿ ಭೋಗ್ಲೆಯವರೇ ಮುಂದೆ 1993ರಲ್ಲಿ ಟೈಡ್ ಎಂಬ ಸಂಸ್ಥೆ ಕಟ್ಟಿ, ಹೆಂಗಸರಿಗೇ ಒಲೆ ಕಟ್ಟುವ ಕಸಬು ಕಲಿಸಿದರು. ಒಲೆಯ ಬಾಯಿ ಎಷ್ಟಿರಬೇಕೆಂದು ಅಡಿಗೆ ಮಾಡುವವಳಿಗೆ ಗೊತ್ತಿರುತ್ತದಲ್ಲ.

ಇನ್ನು ಗೋಬರ್ ಗ್ಯಾಸು. ಇದು ಬೆಂಗಳೂರಿನವರು ಕಂಡುಹಿಡಿದದ್ದಲ್ಲ. ಗುಜರಾತಿನ ಜಶಭಾಯಿ ಪಟೇಲರು ಐವತ್ತರ ದಶಕದಲ್ಲಿ ತೇಲುವ ಕಬ್ಬಿಣದ ಡ್ರಮ್ಮಿನ ಮಾದರಿ ಮಾಡಿದರು, ಅದನ್ನು ‘ಗ್ರಾಮಲಕ್ಷ್ಮಿ’ ಎಂದರು, ಖಾದಿ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಿತು. ಕೆಲಸ ಮಾಡುವ ರೀತಿ ಸರಳ. ಸಗಣಿಗೆ ಅಷ್ಟೇ ನೀರು ಸೇರಿಸಿ ಕದಡಿ ಬಾವಿಯಂಥ ಗುಂಡಿಗೆ ಬಿಟ್ಟರೆ, ಗಾಳಿಯಿಲ್ಲದ ಕತ್ತಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಅನಿಲ ಬಿಡುತ್ತವೆ. ಒಂದು ಘನಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಗೊಬ್ಬರದ ಸತ್ವ ಮಾತ್ರ ಗುಂಡಿಯಿಂದ ಹೊರಬರುವ ಬಗ್ಗಡದಲ್ಲೇ ಉಳಿಯುತ್ತದೆ.

ಅಸ್ತ್ರದವರು ಆ ಗುಂಡಿಯ ಅಳತೆ ಬದಲಿಸಿ, ಖರ್ಚು ಇಳಿಸುವ ದಾರಿ ಹುಡುಕಿದರು. ಉಂಗ್ರದ ಹತ್ತಿರದ ಪುರ ಎಂಬ ಊರಿನಲ್ಲಿ ಇಡೀ ಊರಿಗೇ ಒಂದು ದೊಡ್ಡ ಘಟಕ ಕಟ್ಟಿ ಎಲ್ಲರ ಒಲೆಗೂ ಅನಿಲ ಕೊಡಲು ನೋಡಿದರು. ಅದು ಕೈಗೂಡಲಿಲ್ಲ, ಇದ್ದ ಸಗಣಿ ಎಲ್ಲರ ಅಡಿಗೆಗೆ ಸಾಲಲಿಲ್ಲ. ಅವರು ಸೋತೆವೆಂದು ಎದ್ದು ಹೋಗದೆ ಊರವರನ್ನೇ ಕೇಳಿದರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆ ಬಾವಿಯಿಂದ ಕುಡಿಯುವ ನೀರು ಕೊಡತೊಡಗಿದರು. ನೀರು ಹೊರುವ ಹೊರೆ ಇಳಿಯಿತು. ಒಲೆ ಹಾಗೇ ಉಳಿಯಿತು.

ಪುರದಲ್ಲಿ ಆಗದೆ ಹೋದದ್ದು ನಮ್ಮಲ್ಲಿ ಆಯಿತು ಎಂಬುದೇ ಈ ಕಥೆಯ ಸ್ವಾರಸ್ಯ. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಎಂಬ ಮೂವರು ಸಂಶೋಧಕರು ಶಿರಸಿ ತಾಲೂಕಿನ ಎಂಟು ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಇದ್ದ 187 ಮನೆಗಳಿಗೆ ಹೋಗಿ ನೋಡಿ, 2001ರಲ್ಲಿ ಬರೆದರು. ದೇಶದ ಬೇರೆಡೆ ಸಹಾಯಧನಕ್ಕಾಗಿ ಕಟ್ಟಿಸಿ ಮಣ್ಣು ಮುಚ್ಚಿದ ಗುಂಡಿಗಳೇ ಹೆಚ್ಚೆಂಬ ದೂರಿದ್ದ ಕಾಲ ಅದು. ಇಲ್ಲಿ ನೋಡಿದ ಘಟಕಗಳೆಲ್ಲ ಕೆಲಸ ಮಾಡುತ್ತಿದ್ದವು. ಕಾರಣವನ್ನೂ ಅವರು ಹುಡುಕಿದ್ದಾರೆ. ಕಟ್ಟುವವರು ಹಲವರಿದ್ದು ಅವರಲ್ಲಿ ಪೈಪೋಟಿ ಇತ್ತು. ಕೆಟ್ಟರೆ ನಾವೇ ಬಂದು ಸರಿಮಾಡುತ್ತೇವೆಂದು ಕಟ್ಟಿದವರು ಮಾತು ಕೊಡುತ್ತಿದ್ದರು. ಮಾತು ತಪ್ಪಿದವನಿಗೆ ಪಕ್ಕದ ಊರಿನಲ್ಲಿ ಕೆಲಸ ಸಿಗುತ್ತಿರಲಿಲ್ಲ.

ನನ್ನ ಕಡೆಯಿಂದ ಇನ್ನೊಂದು ಕಾರಣ ಸೇರಿಸುತ್ತೇನೆ. ತೋಟ. ನಮ್ಮಲ್ಲಿ ಅಡಿಕೆ ತೋಟಕ್ಕೆ ಗೊಬ್ಬರವೇ ಜೀವ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸುವುದು, ದನ ತುಳಿದದ್ದನ್ನು ಗೊಬ್ಬರಗುಂಡಿಗೆ ಹಾಕುವುದು ತಲೆತಲಾಂತರದ ಕ್ರಮ. ಸಗಣಿಯನ್ನು ಬೆರಣಿ ತಟ್ಟಿ ಸುಡುವುದು ನಮ್ಮವರಿಗೆ ಪಾಪ ಮಾಡಿದಂತೆ. ಗೋಬರ್ ಗ್ಯಾಸಿನಿಂದ ಗೊಬ್ಬರ ಹೋಗುವುದಿಲ್ಲ ಎಂದು ಖಾತ್ರಿಯಾದ ದಿನ ಗಂಡಸರು ಒಪ್ಪಿದರು. ಹೊಗೆಯಿಂದ ಹೆಂಡತಿಯ ಕಣ್ಣು ಉರಿಯುತ್ತದೆಂದು ಎಷ್ಟು ಜನ ಗುಂಡಿ ತೋಡಿಸಿದರೋ, ಬಗ್ಗಡ ತೋಟಕ್ಕೆ ಒಳ್ಳೆಯದೆಂದು ಎಷ್ಟು ಜನ ತೋಡಿಸಿದರೋ! ನಮ್ಮ ಅಪ್ಪ ಎರಡನೆಯ ಗುಂಪಿನವರು ಎಂದು ಅಮ್ಮನ ಖಚಿತ ಅಭಿಪ್ರಾಯ. ಕಾರಣ ಯಾವುದಾದರೇನು ಎಂದೂ ಅವಳೇ ಸೇರಿಸುತ್ತಿದ್ದಳು. ಬೆಳಿಗ್ಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ತೊಟ್ಟಿಯಲ್ಲಿ ಕೈಯಾಡಿಸಿ ಕಡ್ಡಿ ಕಸ ತೆಗೆದು ಕದಡಿ ಬಿಡುವ ಕೆಲಸ ಅವಳ ಪಾಲಿಗೇ ಬಂತು. ಚಳಿಗಾಲದಲ್ಲಿ ಅನಿಲ ಕಡಿಮೆಯಾದಾಗ ಬಿಸಿನೀರು ಹೊಯ್ದು ಕದಡುವ ಉಪಾಯವನ್ನು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು.

ಆ ನೀಲಿ ಬೆಂಕಿ ಹೊತ್ತಿದ ದಿನ ಅಮ್ಮ ಹಾಲು ಉಕ್ಕಿಸಿದಳು. ಆಮೇಲೆ ಸುಮ್ಮನೆ ನೋಡುತ್ತ ನಿಂತಳು. ಊದುವ ಕೆಲಸವಿಲ್ಲದೆ ಕೈ ಏನು ಮಾಡಬೇಕೆಂದು ತಿಳಿಯದಂತೆ.

ಆದರೆ ಸಂಶೋಧಕರು ಎಣಿಸಿದ್ದು ಗೋಬರ್ ಗ್ಯಾಸ್ ಇದ್ದ ಮನೆಗಳನ್ನು. ಅದಕ್ಕೆ ನಾಲ್ಕೈದು ದನ ಬೇಕು, ಹಿತ್ತಿಲಿನಲ್ಲಿ ಜಾಗ ಬೇಕು, ಕೈಯಿಂದ ಹಾಕಲು ಹಣ ಬೇಕು. ನಮ್ಮ ಕೊಟ್ಟಿಗೆಗೆ ಸೊಪ್ಪು ತಂದು ಹಾಸುತ್ತಿದ್ದ ಹೆಂಗಸಿಗೆ ಇದಾವುದೂ ಇರಲಿಲ್ಲ. ನಮ್ಮ ಸಗಣಿಯನ್ನು ತೊಟ್ಟಿಗೆ ಹಾಕಿ, ಕೈ ತೊಳೆದು, ಹೋಗುವಾಗ ಒಂದು ಹೊರೆ ಕಟ್ಟಿಗೆ ಹೊತ್ತು ಮನೆಗೆ ಹೋಗಿ ಅವಳು ಊದುಗೊಳವೆ ಹಿಡಿಯುತ್ತಿದ್ದಳು. ನಮ್ಮ ತೊಲೆ ಹಳದಿಯಾದ ವರ್ಷ ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಅಂಥ ಮನೆಗಳಿಗೆ ಹೊಗೆಯಿಲ್ಲದ ಬೆಂಕಿ ಬಂದದ್ದು ಸಿಲಿಂಡರಿನಿಂದ, ಅದೂ ಬಹುಪಾಲು 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ. ಮೂವತ್ತು ವರ್ಷದ ಅಂತರ. ಸಿಲಿಂಡರು ಖಾಲಿಯಾದ ತಿಂಗಳು ಮತ್ತೆ ಕಟ್ಟಿಗೆಯೇ.

ಹೊಗೆ ಮೈಯೊಳಗೆ ಏನು ಮಾಡುತ್ತದೆಂದು ಬಹಳ ಕಾಲ ಯಾರೂ ಅಳೆದಿರಲಿಲ್ಲ ಎಂಬುದು ಆಶ್ಚರ್ಯ. ಎಂಬತ್ತರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಗೆ ಸಣ್ಣ ಯಂತ್ರ ಕಟ್ಟಿ, ಅವರು ಉಸಿರಾಡುವ ಗಾಳಿಯನ್ನೇ ಅಳೆದರು. ಪಟ್ಟಣಗಳ ಬೀದಿಯ ಹೊಗೆಗಿಂತ ಒಲೆಯ ಮುಂದಿನ ಹೊಗೆ ಎಷ್ಟೋ ಪಟ್ಟು ದಟ್ಟ ಎಂದು ಕಂಡಿತು. ನಮ್ಮ ಅಮ್ಮನಿಗೆ ಐವತ್ತೆಂಟರಲ್ಲಿ ಕೆಮ್ಮು, ಏದುಸಿರು ಹೆಚ್ಚಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ಹಿಡಿದು ನೋಡಿದ ಅವರು ಮೆಲ್ಲಗೆ ನನ್ನನ್ನು ಕೇಳಿದರು, “ಇವರು ಬೀಡಿ ಸೇದುತ್ತಿದ್ದರೇ?” ಅಮ್ಮನಿಗೆ ಕೇಳಿಸಿತು. ಸಿಟ್ಟು ಬಂದೀತೆಂದು ನಾನು ಹೆದರಿದ್ದೆ, ಅವಳು ನಕ್ಕುಬಿಟ್ಟಳು. ಆ ನಗುವೇ ಕೆಮ್ಮಾಯಿತು. ಗ್ಯಾಸು ಬಂದು ಹದಿನಾರು ವರ್ಷವಾಗಿತ್ತು. ಬರುವ ಮೊದಲಿನ ವರ್ಷಗಳು ಅವಳ ಎದೆಯೊಳಗೆ ಹಾಗೇ ಇದ್ದವು. ತೊಲೆಯನ್ನಾದರೆ ಕತ್ತಿಯ ಬೆನ್ನಿನಿಂದ ಕೆರೆಯಬಹುದಿತ್ತು.

ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ತೊಂಬತ್ತರ ಸುಮಾರಿಗೆ ಅವರು ಗ್ಲ್ಯಾಡಿಸ್ ಸುಮಿತ್ರಾ, ಆಂಟೊನೆಟ್ ಡಿ’ಸಾ, ಬಾಲಚಂದ್ರ ಇವರೊಡನೆ ಇಡೀ ಕರ್ನಾಟಕದ ವಿದ್ಯುತ್ತಿನ ಲೆಕ್ಕವನ್ನೇ ಮತ್ತೆ ಹಾಕಿ, ಒಳ್ಳೆಯ ಬಲ್ಬು, ಸೂರ್ಯನ ಶಾಖದ ಬಿಸಿನೀರು ಮುಂತಾದುವನ್ನು ನೆಚ್ಚಿದರೆ ಸರಕಾರ ಹೇಳುವಷ್ಟು ದೊಡ್ಡ ಸ್ಥಾವರಗಳು ಬೇಡ ಎಂದು ತೋರಿಸಿದ್ದರು. ನಮ್ಮ ಜಿಲ್ಲೆಯ ಕೈಗಾದಲ್ಲಿ ಅಣುಸ್ಥಾವರ ಏಳುತ್ತಿದ್ದ ವರ್ಷಗಳವು. ಸ್ಥಾವರವೂ ಎದ್ದಿತು, ಬಲ್ಬುಗಳೂ ಬದಲಾದವು. ಅಸ್ತ್ರ ಈಗ ಬೇರೆ ಹೆಸರಿನ ವಿಭಾಗವಾಗಿ ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ ಮುಂದುವರಿದಿದೆ.

ನಿಲ್ಕುಂದದ ಮನೆಯಲ್ಲೀಗ ತಮ್ಮನ ಸಂಸಾರ. ಎಂಟು ದನವಿದ್ದ ಕೊಟ್ಟಿಗೆಯಲ್ಲಿ ಒಂದು ಆಕಳು. ಗೋಬರ್ ಗ್ಯಾಸಿನ ಡ್ರಮ್ಮು ತುಕ್ಕು ಹಿಡಿದು ಓರೆಯಾಗಿ ನಿಂತಿದೆ, ತೊಟ್ಟಿಯಲ್ಲಿ ಕೆಸುವಿನ ಗಿಡ. ನಾದಿನಿಗೆ ಸಗಣಿ ಕದಡಲು ಹೇಳುವ ಮುಖ ನನಗಿಲ್ಲ, ನಾನೂ ಕದಡುವವಳಲ್ಲ. ಸಿಲಿಂಡರು ಬರುತ್ತದೆ.

ಕಳೆದ ವರ್ಷ ನಮ್ಮ ಶಾಲೆಯ ಒಬ್ಬ ಹುಡುಗಿ ಗಣಿ ಎಂಜಿನಿಯರಿಂಗ್ ಓದುತ್ತೇನೆಂದು ಹೇಳಿ ಸ್ಟಾಫ್‌ರೂಮಿನಲ್ಲಿ ಎಲ್ಲರನ್ನೂ ನಗಿಸಿದಳು. ನಾನು ನಗಲಿಲ್ಲ. 1952ರ ಕಾನೂನಿನಂತೆ ಹೆಂಗಸರು ನೆಲದಡಿಯ ಗಣಿಗೆ ಇಳಿಯುವ ಹಾಗಿರಲಿಲ್ಲ, 2019ರಲ್ಲಿ ಸರಕಾರ ಅದನ್ನು ಸಡಿಲಿಸಿದೆ ಎಂದು ಅವಳಿಗೆ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು! ವಿಜ್ಞಾನ ಪ್ರದರ್ಶನಕ್ಕೆ ಅವಳಿಗೆ ನಾನು ಕೊಟ್ಟ ಕೆಲಸ ಮಾತ್ರ ಬೇರೆ. ಮೀನು ತೂಗುವವರ ಹತ್ತಿರ ಒಂದು ತೂಕದ ಕೊಕ್ಕೆ ಎರವಲು ತಂದುಕೊಟ್ಟು, ನಿನ್ನ ಮನೆಯಲ್ಲಿ ಈಗಲೂ ಎಷ್ಟು ಕಟ್ಟಿಗೆ ಉರಿಯುತ್ತದೆ ತೂಗಿ ಬಾ ಎಂದೆ. ಸಿಲಿಂಡರ್ ಇದ್ದ ಮನೆ ಅದು. ಒಂದು ವಾರ ತೂಗಿದಳು. ಬಚ್ಚಲೊಲೆಗೆ ದಿನಕ್ಕೆ ಏಳೆಂಟು ಕಿಲೋ, ದನದ ಬಾಯಾರಿಗೆ ಬೇರೆ. ಅಡಿಕೆ ಬೇಯಿಸುವ ಕಾಲದಲ್ಲಿ ಕೊಕ್ಕೆ ಸಾಲುವುದಿಲ್ಲ ಎಂದಳು.

ಅಂಕಿಗಳನ್ನು ರಟ್ಟಿನ ಮೇಲೆ ಬರೆಯುತ್ತ ಅವಳು ಇನ್ನೊಂದು ಮಾತು ಹೇಳಿದಳು. “ಟೀಚರ್, ಮೊದಲ ದಿನದ್ದು ಬಿಟ್ಟುಬಿಡುತ್ತೇನೆ. ಅವತ್ತು ಅಜ್ಜಿ ಒಣಗಿದ್ದನ್ನೇ ಆರಿಸಿ ಕೊಟ್ಟಿದ್ದರು.”